ಕೊಟ್ಟಿಗೆಗೆ ಬಂದ ಹೊಸ ಜೀವ: ಗಿಣ್ಣು ಮೊದಲು ಯಾರಿಗೆ?

ಬೆಳೆಗಾರ ಬಂಧುಗಳಿಗೆ ಗೊಬ್ಬರದ ಲೆಕ್ಕವನ್ನು ನಾವು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಕೊಟ್ಟಿಗೆ ಗೊಬ್ಬರ, 12 ಕಿಲೋ ಹಸಿರು ಸೊಪ್ಪು ಕೊಡಬೇಕೆಂಬುದು ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರ ಶಿಫಾರಸು. ಎಕರೆಗೆ 550 ಮರ ಎಂದು ಹಿಡಿದರೆ ಬರೀ ಗೊಬ್ಬರವೇ 6,600 ಕಿಲೋ ಆಯಿತು. ನಾಟಿ ದನವೊಂದು ದಿನಕ್ಕೆ ಎಂಟು ಹತ್ತು ಕಿಲೋ ಸಗಣಿ ಹಾಕಿದರೆ ಹೆಚ್ಚು. ಅಂದಮೇಲೆ ಒಂದೆಕರೆ ತೋಟದ ಹಿಂದೆ ಎರಡು ಮೂರು ದನಗಳು ನಿಂತಿರಲೇಬೇಕು. ಕಾಫಿ ಗಿಡಕ್ಕೂ ಇದೇ ಮಾತು. ಸೀಮೆಗೊಬ್ಬರದ ಚೀಲ ಎಷ್ಟೇ ಬಂದರೂ ಮಣ್ಣಿನ ಮೃದುತನವನ್ನು ಉಳಿಸುವುದು ಕೊಟ್ಟಿಗೆಯೇ.

ಆದರೆ ಕೊಟ್ಟಿಗೆಯನ್ನು ತುಂಬುವುದು ಯಾರು? ಪೇಟೆಯಿಂದ ಕೊಂಡು ತಂದ ಹಸು ಎಷ್ಟು ದಿನ ತುಂಬೀತು? ಮನೆಯಲ್ಲೇ ಹುಟ್ಟಿ, ಮನೆಯಲ್ಲೇ ಬೆಳೆದ ಕರುವೇ ಕೊಟ್ಟಿಗೆಯ ನಿಜವಾದ ಬಂಡವಾಳ. ಹಾಗಿದ್ದೂ ನಮ್ಮಲ್ಲಿ ಹುಟ್ಟಿದ ಕರುಗಳೆಲ್ಲ ದನವಾಗುವುದಿಲ್ಲ. ಕೆಲವು ಮೊದಲ ವಾರದಲ್ಲೇ ಭೇದಿಯಾಗಿ ಹೋಗುತ್ತವೆ, ಕೆಲವು ಮಳೆಗಾಲದ ಶೀತಕ್ಕೆ ಸಿಕ್ಕಿ ಕಫ ಕಟ್ಟಿ ಹೋಗುತ್ತವೆ. ‘ಆಯುಷ್ಯವಿರಲಿಲ್ಲ’ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಎಷ್ಟೋ ವೇಳೆ ಆಯುಷ್ಯದ ತೀರ್ಮಾನ ಆಗುವುದು ಕರು ನೆಲಕ್ಕೆ ಬಿದ್ದ ಮೊದಲ ಆರು ಗಂಟೆಯೊಳಗೆ; ಅದೂ ಒಂದು ಪಾತ್ರೆ ಗಿಣ್ಣುಹಾಲಿನ ಮೇಲೆ. ಈ ಸಂಗತಿಯನ್ನು ಸದಸ್ಯರ ಗಮನಕ್ಕೆ ತರಬೇಕೆಂದೇ ಈ ಲೇಖನ.

ಹಳ್ಳಿಕಾರ್ ಸೀಮೆಯಲ್ಲಿ

ಕರುವನ್ನು ಮನೆಗೆ ಬರಮಾಡಿಕೊಳ್ಳುವುದು ಹೇಗೆಂದು ನೋಡಬೇಕಾದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಹೋಗಬೇಕು. ಮಾಘಮಾಸದ ಜಾತ್ರೆಗಳ ಕಾಲದಲ್ಲಿ ನಾವು ಕೆಲವರು ಆ ಕಡೆ ಹೋಗಿ ಬಂದೆವು. ಕಾವೇರಿಯ ಆಚೆ ದಡದಲ್ಲಿ ತಲಕಾಡಿನ ಬಳಿಯ ಮುಡುಕುತೊರೆಯ ದನಗಳ ಜಾತ್ರೆ ಆ ಕಾಲದ್ದೇ. ಕೊರಳಿಗೆ ಗೆಜ್ಜೆ, ಕೊಂಬಿಗೆ ಕಳಶ ಹಾಕಿಸಿಕೊಂಡ ಹೋರಿಗಳನ್ನು ಸುತ್ತಲ ತಾಲ್ಲೂಕುಗಳ ರೈತರು ಮಕ್ಕಳಂತೆ ನಡೆಸಿಕೊಂಡು ಬರುತ್ತಾರೆ.

ಹಳ್ಳಿಕಾರ್ ತಳಿ ನಮ್ಮ ಹಳೇ ಮೈಸೂರಿನ ಸ್ವತ್ತು. ಬೂದುಬಣ್ಣದ ಮೈ, ಉದ್ದ ಮುಖ, ಹಿಂದಕ್ಕೆ ಬಾಗಿ ತುದಿ ಚೂಪಾದ ಕೊಂಬು, ಗಟ್ಟಿ ಗೊರಸು. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದು ಹೆಸರಿತ್ತು. ಟಿಪ್ಪು ಸುಲ್ತಾನ್ ಅದನ್ನೇ ‘ಅಮೃತ ಮಹಲ್’ ಎಂದು ಕರೆದ. ಫಿರಂಗಿ ಎಳೆಯುವುದಕ್ಕೆ, ದಂಡಿನ ಸಾಮಾನು ಹೊರುವುದಕ್ಕೆ ಬೇಕಾದ ಎತ್ತುಗಳು ಅಲ್ಲಿಂದ ಬರುತ್ತಿದ್ದವು. ಅಮೃತ ಮಹಲ್ ತಳಿಗೆ ಮೂಲವೇ ಹಳ್ಳಿಕಾರ್. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿರುವುದು ಬೆಳೆಗಾರರಿಗೆ ತಿಳಿದದ್ದೇ. 2000ದಲ್ಲಿ ಭಾರತೀಯ ಅಂಚೆ ಇಲಾಖೆ ದೇಶಿ ದನಗಳ ಅಂಚೆಚೀಟಿ ಹೊರಡಿಸಿದಾಗ ಅದರಲ್ಲಿ ಹಳ್ಳಿಕಾರ್ ಕೂಡ ಇತ್ತು.

ಮಂಡ್ಯದ ಕಥೆ ಈ ಎತ್ತುಗಳ ಕಥೆಯೂ ಹೌದು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಮುಂದೆ ವಿಶ್ವೇಶ್ವರಯ್ಯ ನಾಲೆಯ ನೀರು ಬಯಲಿಗೆ ಹರಿಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ನಡೆಯತೊಡಗಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ಆ ದಿನಗಳಲ್ಲಿ ಗದ್ದೆ ಉತ್ತದ್ದು, ಕಬ್ಬಿನ ಗಾಡಿ ಎಳೆದದ್ದು ಈ ಎತ್ತುಗಳೇ. ಈಗ ಉಳುಮೆಗೆ ಟ್ರ್ಯಾಕ್ಟರು, ಟಿಲ್ಲರು ಬಂದಿವೆ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಜಿಲ್ಲಾ ಹಾಲು ಒಕ್ಕೂಟದ ದೊಡ್ಡ ಡೇರಿ ನಿಂತಿದೆ. ಮನೆಮನೆಯಲ್ಲಿ ಮಿಶ್ರತಳಿ ಹಸುಗಳಿವೆ. ದಿನಕ್ಕೆ ಒಂದೆರಡು ಲೀಟರು ಮಾತ್ರ ಹಾಲು ಕೊಡುವ ಹಳ್ಳಿಕಾರ್ ಹಸು ಲೆಕ್ಕದ ಪುಸ್ತಕದಲ್ಲಿ ಹಿಂದೆ ಬಿದ್ದಿದೆ. ಆದರೂ ಅದನ್ನು ಬಿಡದ ಮನೆಗಳಿವೆ. ಅಂಥ ಮನೆಗಳಲ್ಲಿ ಹೋರಿಗರು ಹುಟ್ಟಿದರೆ ಸಂಭ್ರಮ. ಹಾಲಿನ ಹಸುವಿನ ಕೊಟ್ಟಿಗೆಯಲ್ಲಿ ಗಂಡುಕರು ಹುಟ್ಟಿದರೆ ಮುಖ ಸಣ್ಣಗಾಗುತ್ತದೆ. ಇಲ್ಲಿ ಅದೇ ಗಂಡುಕರು ಮುಂದಿನ ಜಾತ್ರೆಯ ಜೋಡಿ. ಕರು ಒಂದೇ, ಅದರಿಂದ ನಾವು ಏನು ಬಯಸುತ್ತೇವೋ ಅದರಂತೆ ಸ್ವಾಗತ ಬದಲಾಗುತ್ತದೆ.

ಒಂದು ಮನೆಯ ಕೊಟ್ಟಿಗೆ

ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮಗೆ ಉಳಿದುಕೊಳ್ಳಲು ಜಾಗ ಕೊಟ್ಟವರ ಮನೆಯಲ್ಲಿ ಹಳ್ಳಿಕಾರ್ ಹಸು ತುಂಬಿದ ಗಬ್ಬವಾಗಿತ್ತು. ಸ್ವಲ್ಪ ಗದ್ದೆ, ಸ್ವಲ್ಪ ರಾಗಿಯ ಹೊಲ. ಅಜ್ಜಿ, ಮಗ, ಸೊಸೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ದೊಡ್ಡ ಕುಳವಲ್ಲ. ಹಸುವಿನ ಬಾಲದ ಬುಡದ ಎರಡೂ ಕಡೆ ಗುಳಿ ಬಿದ್ದಿತ್ತು, ಕೆಚ್ಚಲು ಬಿಗಿದಿತ್ತು. ಅಜ್ಜಿ ಅದನ್ನು ನೋಡಿ ಈ ರಾತ್ರಿಯೇ ಎಂದು ತೀರ್ಮಾನಿಸಿದರು. ಕೊಟ್ಟಿಗೆಯ ಒಂದು ಮೂಲೆಯನ್ನು ಗುಡಿಸಿ, ಒಣಗಿದ ಹುಲ್ಲನ್ನು ಗೇಣುದ್ದ ಹಾಸಿ, ಮಿಕ್ಕ ದನಗಳನ್ನು ದೂರ ಕಟ್ಟಿಸಿದರು.

ಬೆಳಗಿನ ಜಾವ ಹಸು ಈಯಿತು. ಮೊದಲು ನೀರುಚೀಲ, ಆಮೇಲೆ ಎರಡು ಮುಂಗಾಲು, ಅದರ ಮೇಲೆ ಒರಗಿದ ಮೂತಿ. ಯಾರೂ ಎಳೆಯಲಿಲ್ಲ, ಯಾರೂ ಕೂಗಲಿಲ್ಲ. ಕರು ಬಿದ್ದ ಕೂಡಲೇ ಮಗ ಮೂಗು ಬಾಯಿಯ ಲೋಳೆಯನ್ನು ಒರೆಸಿ, ಹುಲ್ಲಿನ ಹಿಡಿಯಿಂದ ಎದೆ ಪಕ್ಕೆಗಳನ್ನು ಉಜ್ಜಿದರು. ಮಿಕ್ಕದ್ದನ್ನು ತಾಯಿಗೆ ಬಿಟ್ಟರು. ತಾಯಿ ನೆಕ್ಕುವುದು ಬರೀ ಮುದ್ದಲ್ಲ. ಅದರಿಂದ ಮೈಯ ರಕ್ತ ಓಡುತ್ತದೆ, ಉಸಿರು ಸರಾಗವಾಗುತ್ತದೆ, ತಾಯಿ ಮರಿಗಳು ಒಂದನ್ನೊಂದು ಗುರುತು ಹಿಡಿಯುತ್ತವೆ.

ಆದರೆ ಈ ಕರು ಏಳಲಿಲ್ಲ. ಹೋರಿಗರು, ಕಾಲು ಉದ್ದ, ನಿಲ್ಲಲು ಹೋಗಿ ಎರಡು ಮೂರು ಸಲ ಮುಗ್ಗರಿಸಿ ಮಲಗಿಬಿಟ್ಟಿತು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಗುತ್ತ ಬಂತು. ಚಳಿಯ ಹೊತ್ತು. ಮನೆಯವರ ಮುಖದಲ್ಲಿ ಆತಂಕ ಕಾಣುತ್ತಿತ್ತು. ಸತ್ತೆ ಇನ್ನೂ ಬಿದ್ದಿರಲಿಲ್ಲ. ನೆರೆಯವರೊಬ್ಬರು ಸತ್ತೆ ಬೀಳುವ ತನಕ ಕೆಚ್ಚಲಿಗೆ ಕೈ ಹಾಕಬಾರದು ಎಂದರು. ಅಜ್ಜಿ ಅದಕ್ಕೆ ಒಪ್ಪಲಿಲ್ಲ. ಮೊದಲು ಮಗುವಿನ ಹೊಟ್ಟೆ, ಆಮೇಲೆ ಮಿಕ್ಕದ್ದು ಎಂಬುದು ಅವರ ಲೆಕ್ಕ. ಕೆಚ್ಚಲನ್ನು ಬೆಚ್ಚಗಿನ ನೀರಿನಲ್ಲಿ ತೊಳೆಸಿ, ಚೊಂಬಿಗೆ ಗಿಣ್ಣು ಕರೆಸಿ, ತಮ್ಮ ಎರಡು ಬೆರಳನ್ನು ಕರುವಿನ ಬಾಯಿಗೆ ಕೊಟ್ಟು ಚೀಪುವುದನ್ನು ಕಲಿಸಿದರು. ಕರುವಿನ ತಲೆ ಮೇಲೆತ್ತಿ ಗಂಟಲಿಗೆ ಸುರಿಯಲಿಲ್ಲ; ತಲೆ ಸಹಜವಾಗಿಯೇ ಇರುವಂತೆ ಹಿಡಿದು ಬೆರಳಿನ ಸಂದಿನಿಂದ ಸ್ವಲ್ಪ ಸ್ವಲ್ಪವೇ ಕುಡಿಸಿದರು. ಅರ್ಧ ಚೊಂಬು ಒಳಗೆ ಹೋಗುವಷ್ಟರಲ್ಲಿ ಕರುವಿನ ಕಿವಿ ನಿಮಿರಿತು. ಬಿಸಿಲು ಬೀಳುವ ಹೊತ್ತಿಗೆ ಅದು ಎದ್ದು ತಾಯಿಯ ಕೆಚ್ಚಲಿಗೆ ಗುದ್ದುತ್ತಿತ್ತು. ಸತ್ತೆ ಅದಾದ ಮೇಲೆ ತಾನಾಗಿ ಬಿತ್ತು.

ಹಸುವಿಗೆ ಬೆಲ್ಲದ ಬೆಚ್ಚನೆಯ ನೀರು, ಅಕ್ಕಿ ಗಂಜಿ ಕೊಟ್ಟರು. ಮಕ್ಕಳು ಕರುವಿನ ಕೊರಳಿಗೆ ದಾರ ಕಟ್ಟಿದರು. ಮೊದಲ ಬೆಣ್ಣೆಯನ್ನು ಮನೆದೇವರಿಗೆ ಮೀಸಲು ತೆಗೆಯುವ ಮಾತಾಯಿತು. ಮುಂದಿನ ಸಂಕ್ರಾಂತಿಗೆ ಈ ಕರುವೂ ಮೈ ತೊಳೆಸಿಕೊಂಡು ಕಿಚ್ಚು ಹಾಯುವ ದನಗಳ ಹಿಂದೆ ನಿಲ್ಲುತ್ತದೆ. ನಮಗೆ ಮಾತ್ರ ಆ ದಿನ ಗಿಣ್ಣಿನ ರುಚಿ ಸಿಗಲಿಲ್ಲ. ಮೂರನೆಯ ದಿನಕ್ಕೆ ಬಂದರೆ ಕೊಡುತ್ತೇನೆಂದು ಅಜ್ಜಿ ನಗುತ್ತ ಕಳುಹಿಸಿಕೊಟ್ಟರು.

ಗಿಣ್ಣಿನಲ್ಲಿ ಏನಿದೆ?

ಅಜ್ಜಿಯ ಲೆಕ್ಕಕ್ಕೆ ವಿಜ್ಞಾನದ ಆಧಾರವಿದೆ. ಮನುಷ್ಯರ ಮಗು ಗರ್ಭದಲ್ಲಿರುವಾಗಲೇ ತಾಯಿಯ ರಕ್ತದಿಂದ ರೋಗ ತಡೆಯುವ ಶಕ್ತಿಯನ್ನು ಪಡೆದುಕೊಂಡು ಹುಟ್ಟುತ್ತದೆ. ದನ, ಎಮ್ಮೆ, ಕುರಿ, ಮೇಕೆ, ಕುದುರೆಗಳಲ್ಲಿ ಹಾಗಿಲ್ಲ. ಅವುಗಳ ಗರ್ಭದ ಪದರಗಳು ಈ ಶಕ್ತಿಯನ್ನು ಮರಿಗೆ ದಾಟಿಸುವುದಿಲ್ಲ. ಮರಿ ಬರಿಗೈಯಲ್ಲೇ ಹುಟ್ಟುತ್ತದೆ. ಅದಕ್ಕೆ ಬೇಕಾದ ರಕ್ಷಣೆಯನ್ನೆಲ್ಲ ತಾಯಿ ಗಿಣ್ಣುಹಾಲಿನಲ್ಲಿ ಕೂಡಿಟ್ಟಿರುತ್ತಾಳೆ.

ಹುಟ್ಟಿದ ಕರುವಿನ ಕರುಳು ಈ ರಕ್ಷಕ ಸಾರವನ್ನು ಜೀರ್ಣಮಾಡದೆ ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಇದೊಂದು ತೆರೆದ ಬಾಗಿಲು. ಆದರೆ ಆ ಬಾಗಿಲು ಗಂಟೆ ಗಂಟೆಗೂ ಮುಚ್ಚುತ್ತಾ ಬರುತ್ತದೆ. ಆರು ಗಂಟೆ ಕಳೆದರೆ ಎಷ್ಟೋ ಮುಚ್ಚಿರುತ್ತದೆ. ಇಪ್ಪತ್ನಾಲ್ಕು ಗಂಟೆಯ ಹೊತ್ತಿಗೆ ಪೂರ್ತಿ ಮುಚ್ಚಿದಂತೆಯೇ. ಆಮೇಲೆ ಕೊಡ ತುಂಬ ಗಿಣ್ಣು ಕುಡಿಸಿದರೂ ಅದು ಆಹಾರವಾದೀತೇ ಹೊರತು ರಕ್ಷಣೆಯಾಗುವುದಿಲ್ಲ. ಇತ್ತ ಹಾಲೂ ಬದಲಾಗುತ್ತಿರುತ್ತದೆ. ಮೊದಲ ಸಲ ಕರೆದದ್ದರಲ್ಲಿ ಸಾರ ಅತಿ ಹೆಚ್ಚು. ಎರಡನೆಯ ಕರೆತಕ್ಕೇ ಬಹಳ ಇಳಿದುಬಿಡುತ್ತದೆ.

ಇನ್ನೊಂದು ಮಾತು. ಗಿಣ್ಣನ್ನು ಒಲೆಯ ಮೇಲಿಟ್ಟರೆ ಗಟ್ಟಿಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಸಾದಾ ಹಾಲು ಹಾಗೆ ಗಟ್ಟಿಯಾಗುವುದಿಲ್ಲ. ಗಿಣ್ಣಿನಲ್ಲಿರುವ ಈ ರಕ್ಷಕ ಸಾರವೂ ಅದರ ಜೊತೆಗಿನ ಸತ್ವಗಳೂ ಬಿಸಿಗೆ ಹೆಪ್ಪುಗಟ್ಟುವುದರಿಂದಲೇ ಅದು ತುಂಡು ತುಂಡಾಗಿ ಕತ್ತರಿಸುವಷ್ಟು ಗಟ್ಟಿಯಾಗುತ್ತದೆ. ಅಂದರೆ ಬೆಲ್ಲ, ಏಲಕ್ಕಿ ಹಾಕಿ ನಾವು ತಟ್ಟೆಯಲ್ಲಿ ಕತ್ತರಿಸಿ ತಿನ್ನುವುದು ಕರುವಿನ ಪ್ರಾಣರಕ್ಷಣೆಯ ಪಾಲನ್ನೇ. ಹಂಚಿ ತಿನ್ನುವ ಪದ್ಧತಿ ಒಳ್ಳೆಯದು, ಅದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಸರದಿ ಮಾತ್ರ ಸರಿಯಾಗಲಿ. ಮೊದಲ ದಿನದ್ದು ಕರುವಿಗೆ. ಕುಡಿದು ಮಿಕ್ಕರೆ, ಇಲ್ಲವೇ ಎರಡನೆಯ ಮೂರನೆಯ ದಿನದ್ದು ಮನೆಗೆ, ನೆರೆಮನೆಗೆ. ಆ ಗಿಣ್ಣು ಸ್ವಲ್ಪ ಸಡಿಲವಾದೀತು, ರುಚಿಗೇನೂ ಕೊರತೆಯಿಲ್ಲ. ಮಿಶ್ರತಳಿ ಹಸುವಿನಲ್ಲಿ ಕರುವಿಗೂ ಮನೆಗೂ ಸಾಲುವಷ್ಟು ಇರುತ್ತದೆ. ಹಳ್ಳಿಕಾರ್, ನಮ್ಮ ಮಲೆನಾಡು ಗಿಡ್ಡದಂತಹ ಕಡಿಮೆ ಹಾಲಿನ ಹಸುಗಳಲ್ಲಿ ಪ್ರತಿ ಲೋಟವೂ ಲೆಕ್ಕಕ್ಕೆ ಬರುತ್ತದೆ.

ಕುದುರೆಮರಿಯ ಗಡಿಯಾರ

ಮಳವಳ್ಳಿಯಿಂದ ಮದ್ದೂರಿಗೆ ಬಂದು, ಹುಲಿಯೂರುದುರ್ಗದ ಮಾರ್ಗವಾಗಿ ಮುಂದೆ ಹೋದರೆ ತುಮಕೂರು ಜಿಲ್ಲೆಯ ಕುಣಿಗಲ್ ಸಿಗುತ್ತದೆ. ಅಲ್ಲಿನ ಕುದುರೆ ಫಾರಂ ಹೈದರ್, ಟಿಪ್ಪುವಿನ ಕಾಲದಿಂದ ಹೆಸರಾದದ್ದು. ದಂಡಿನ ಕುದುರೆಗಳಿಗಾಗಿ ಹುಟ್ಟಿ, ಮೈಸೂರು ಅರಸರ ಕೈಗೆ ಬಂದು, ಮುಂದೆ ಸರ್ಕಾರದ್ದಾಗಿ, 1992ರಲ್ಲಿ ಖಾಸಗಿ ಕಂಪನಿಗೆ ಗುತ್ತಿಗೆ ಹೋಯಿತು. ರೇಸ್ ಕುದುರೆಗಳನ್ನು ಬೆಳೆಸಿದ ಜಾಗ. ಹಿಂದೆ ಕಾಫಿ ತೋಟದ ದೊರೆಗಳು ಕುದುರೆಯ ಮೇಲೆ ತೋಟ ಸುತ್ತುತ್ತಿದ್ದದ್ದನ್ನು ಹಿರಿಯರಿಂದ ಕೇಳಿರುವ ನಮ್ಮ ಸದಸ್ಯರಿಗೆ ಕುದುರೆ ತೀರ ಅಪರಿಚಿತವೇನಲ್ಲ.

ಕುದುರೆ ಸಾಕುವವರ ಶಿಸ್ತಿನಲ್ಲಿ ನಮಗೆ ಕಲಿಯುವುದಿದೆ. ಹಸು ಸುಮಾರು 280 ದಿನಕ್ಕೆ ಈದರೆ, ಕುದುರೆ ಹನ್ನೊಂದು ತಿಂಗಳು, ಅಂದರೆ ಸುಮಾರು 340 ದಿನ ಹೊರುತ್ತದೆ. ರೇಸ್ ಕುದುರೆಗಳ ವಯಸ್ಸನ್ನು ನಮ್ಮ ದೇಶದಲ್ಲಿ ಜನವರಿ 1ರಿಂದ ಎಣಿಸುವುದರಿಂದ, ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಮರಿ ಕೆಲವೇ ದಿನಕ್ಕೆ ಕಾಗದದಲ್ಲಿ ಒಂದು ವರ್ಷದ್ದಾಗಿಬಿಡುತ್ತದೆ! ಹಾಗಾಗಿ ಜನವರಿಯ ನಂತರ ಮರಿ ಬರುವಂತೆ ದಿನ ನೋಡಿ ಜೋಡಿ ಕಟ್ಟಿಸುತ್ತಾರೆ.

ಕುದುರೆ ಹೆಚ್ಚಾಗಿ ರಾತ್ರಿಯ ಹೊತ್ತಿನಲ್ಲೇ ಈಯುತ್ತದೆ. ಮೊಲೆತೊಟ್ಟಿನ ತುದಿಯಲ್ಲಿ ಮೇಣದಂತಹ ಹನಿ ಗಟ್ಟಿದರೆ ದಿನ ಹತ್ತಿರವಾಯಿತೆಂದು ಕಾವಲು ಕೂರುತ್ತಾರೆ. ನೀರುಚೀಲ ಒಡೆದ ಮೇಲೆ ಅರ್ಧ ಗಂಟೆಯೊಳಗೆ ಮರಿ ಹೊರಗೆ ಬರಬೇಕು. ಹಸುವಿನಷ್ಟು ಕಾಲಾವಕಾಶ ಅದಕ್ಕಿಲ್ಲ. ಆಮೇಲೆ ಅವರು ಗಡಿಯಾರ ನೋಡುತ್ತಾರೆ. ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಮೊಲೆ ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಸತ್ತೆ ಬೀಳಬೇಕು. ಒಂದು, ಎರಡು, ಮೂರು. ಇದರಲ್ಲಿ ಒಂದು ತಪ್ಪಿದರೂ ವೈದ್ಯರಿಗೆ ಕರೆ ಹೋಗುತ್ತದೆ. ಅಂಟಾದ ಮೊದಲ ಲದ್ದಿ ಬಿತ್ತೇ ಎಂದು ನೋಡುತ್ತಾರೆ. ಮರುದಿನ ಮರಿಯ ರಕ್ತ ತೆಗೆದು, ಗಿಣ್ಣಿನ ಶಕ್ತಿ ರಕ್ತಕ್ಕೆ ಸೇರಿದೆಯೇ ಎಂದು ಪರೀಕ್ಷಿಸುತ್ತಾರೆ. ಒಂದು ತಾಯಿಯಲ್ಲಿ ಹೆಚ್ಚಾದ ಗಿಣ್ಣನ್ನು ಶೀತಪೆಟ್ಟಿಗೆಯಲ್ಲಿ ಇಟ್ಟುಕೊಂಡು, ತಬ್ಬಲಿ ಮರಿಗೆ ಕುಡಿಸುತ್ತಾರೆ.

ಲಕ್ಷಗಟ್ಟಲೆ ಬೆಲೆಯ ಮರಿಗೆ ಇಷ್ಟೆಲ್ಲ ಮಾಡುತ್ತಾರೆ, ನಮ್ಮ ಕರುವಿಗೆ ಯಾಕೆ ಎನ್ನಬಹುದು. ರಕ್ತಪರೀಕ್ಷೆ ನಮಗೆ ಬೇಡ. ಆದರೆ ಗಡಿಯಾರ ನೋಡಲು ಖರ್ಚಿಲ್ಲ. ಬೆಲೆಯುಳ್ಳ ಕುದುರೆಮರಿಗೆ ಫಾರಂನವರು ಮಾಡುವ ಮುಖ್ಯ ಕೆಲಸವನ್ನು ಮಳವಳ್ಳಿಯ ಅಜ್ಜಿ ಒಂದು ಚೊಂಬಿನಿಂದ ಮಾಡಿ ಮುಗಿಸಿದ್ದರು.

ಇದೇ ನಿಯಮ ಕುರಿಮರಿಗೂ ಸಲ್ಲುತ್ತದೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದ ಹೆಸರು ಹೊತ್ತ ಕುರಿ ತಳಿ ಮಾಂಸದ ರುಚಿಗೆ ಹೆಸರಾದದ್ದು. ಅದೇ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರವೂ ಇದೆ. ಮೋಟು ಕಾಲಿನ ಆ ಪುಟ್ಟ ಮರಿಯೂ ಮೊದಲು ಕುಡಿಯಬೇಕಾದದ್ದು ಗಿಣ್ಣನ್ನೇ.

ನಮ್ಮ ಕೊಟ್ಟಿಗೆಗಳಿಗೆ ಕೆಲವು ಸೂಚನೆಗಳು

ಮಂಡ್ಯದ ಬಯಲು ಬೇರೆ, ನಮ್ಮ ಮಳೆಯ ನಾಡು ಬೇರೆ. ಹಳ್ಳಿಕಾರ್ ದನವನ್ನು ತಂದು ಮಲೆನಾಡಿನಲ್ಲಿ ಕಟ್ಟಿರೆಂದು ನಾವು ಹೇಳುತ್ತಿಲ್ಲ. ಕಲಿಯಬೇಕಾದದ್ದು ಅವರ ಆರೈಕೆಯನ್ನು. ಸದಸ್ಯರು ಈ ಕೆಳಗಿನವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

1. ಹಸು ಈಯುವ ಎರಡು ತಿಂಗಳ ಮುಂಚೆ ಹಾಲು ಕರೆಯುವುದನ್ನು ನಿಲ್ಲಿಸಿ ಬತ್ತಿಸಬೇಕು. ಕೊನೆಯ ದಿನದವರೆಗೂ ಕರೆದರೆ ಒಳ್ಳೆಯ ಗಿಣ್ಣು ಕೂಡುವುದಿಲ್ಲ. ಈ ಎರಡು ತಿಂಗಳಲ್ಲಿ ಹಿಂಡಿ, ಬೂಸಾ, ಖನಿಜ ಮಿಶ್ರಣಕ್ಕೆ ಕೈ ಬಿಗಿ ಹಿಡಿಯಬಾರದು.

2. ಈಯುವ ಜಾಗ ಒಣಗಿರಲಿ. ಮಳೆಗಾಲದಲ್ಲಿ ಹಸಿ ಸೊಪ್ಪಿನ ಮೇಲೆ, ಗಂಜಳ ನಿಂತ ನೆಲದ ಮೇಲೆ ಕರು ಬೀಳಬಾರದು. ಗೊಬ್ಬರಕ್ಕೆ ಸೊಪ್ಪು ಹಾಸುವುದು ಸರಿಯೇ. ಈಯುವ ಹಸುವಿಗೆ ಮಾತ್ರ ಒಣಹುಲ್ಲು ಅಥವಾ ಒಣ ದರಗು ಹಾಸಿ, ಒಂದು ಮೂಲೆಯನ್ನು ಬೇರೆ ಮಾಡಿಕೊಡಿ.

3. ನೀರುಚೀಲ ಒಡೆದು ಎರಡು ಗಂಟೆಯಾದರೂ ಕರು ಕಾಣದಿದ್ದರೆ, ಒಂದೇ ಕಾಲು ಕಂಡರೆ, ಬಾಲ ಮೊದಲು ಕಂಡರೆ, ಹಗ್ಗ ಕಟ್ಟಿ ಎಳೆಯುವ ಸಾಹಸ ಬೇಡ. ಪಶುವೈದ್ಯರನ್ನು ಕರೆಯಿರಿ. 1962 ಎಂಬ ದೂರವಾಣಿ ಸಂಖ್ಯೆಗೆ ಹೇಳಿದರೆ ಪಶು ಸಂಜೀವಿನಿ ವಾಹನದ ನೆರವು ಕೇಳಬಹುದು.

4. ಹೊಕ್ಕುಳಬಳ್ಳಿ ತಾನಾಗಿ ತುಂಡಾಗದಿದ್ದರೆ ಹೊಟ್ಟೆಯಿಂದ ಎರಡು ಮೂರು ಬೆರಳಿನಷ್ಟು ಬಿಟ್ಟು, ಕುದಿಸಿದ ದಾರದಿಂದ ಕಟ್ಟಿ, ಶುಚಿಯಾದ ಬ್ಲೇಡಿನಿಂದ ಕತ್ತರಿಸಿ ಟಿಂಕ್ಚರ್ ಅಯೋಡಿನ್ ಹಚ್ಚಿ. ಒಣಗುವ ತನಕ ದಿನವೂ ಹಚ್ಚಿ. ಸಗಣಿ, ಬೂದಿ ಮೆತ್ತಬಾರದು. ಎಳೆಗರುವಿನ ಕೀಲು ಊತಕ್ಕೆ ಅನೇಕ ವೇಳೆ ಹೊಕ್ಕುಳಿನ ಕೊಳೆಯೇ ಕಾರಣ.

5. ಗಿಣ್ಣನ್ನು ಒಂದೆರಡು ಗಂಟೆಯೊಳಗೆ ಕುಡಿಸಿ. ಮೊದಲ ದಿನ ಕರುವಿನ ತೂಕದ ಹತ್ತನೆಯ ಒಂದು ಪಾಲು ಬೇಕು. 20 ಕಿಲೋ ತೂಗುವ ಕರುವಿಗೆ ಎರಡು ಲೀಟರು. ಅದನ್ನು ಮೂರು ನಾಲ್ಕು ಸಲವಾಗಿ ಕುಡಿಸಿ, ಮೊದಲ ಸಲದ್ದು ಹೆಚ್ಚಿರಲಿ. ಹೆಚ್ಚು ಕುಡಿದರೆ ಭೇದಿಯಾಗುತ್ತದೆಂಬ ಹೆದರಿಕೆಯಿಂದ ಗಿಣ್ಣು ತಪ್ಪಿಸಬೇಡಿ. ಭೇದಿ ತಡೆಯುವುದೇ ಗಿಣ್ಣು.

6. ಸತ್ತೆ ಬೀಳಲೆಂದು ಕಾಯಬೇಡಿ. ಹಸುವಿಗೆ ಸತ್ತೆ ಬೀಳಲು ಎಂಟರಿಂದ ಹನ್ನೆರಡು ಗಂಟೆ ಹಿಡಿಯಬಹುದು. ಅಷ್ಟರಲ್ಲಿ ಕರುವಿನ ಬಾಗಿಲು ಮುಚ್ಚಿರುತ್ತದೆ. ಕರು ಮೊಲೆ ಚೀಪಿದರೆ ಗರ್ಭಕೋಶ ಬಿಗಿದು ಸತ್ತೆ ಬೀಳಲು ಸಹಾಯವೇ ಆಗುತ್ತದೆ. ಹನ್ನೆರಡು ಗಂಟೆ ಮೀರಿದರೆ ವೈದ್ಯರಿಗೆ ತಿಳಿಸಿ. ಕಲ್ಲು ಕಟ್ಟುವುದು, ಕೈ ಹಾಕಿ ಎಳೆಯುವುದು ಬೇಡ.

7. ತಾಯಿ ಸತ್ತರೆ, ಗಿಣ್ಣು ಬಾರದಿದ್ದರೆ, ಅದೇ ದಿನ ಈದ ಬೇರೆ ಹಸುವಿನ ಗಿಣ್ಣು ತಂದು ಕುಡಿಸಿ. ಮನೆಯಲ್ಲಿ ಫ್ರಿಜ್ಜಿನ ಮಂಜುಗಡ್ಡೆಯ ಖಾನೆ ಇರುವವರು ಆರೋಗ್ಯವಂತ ಹಸುವಿನ ಮೊದಲ ಗಿಣ್ಣನ್ನು ಶುಚಿಯಾದ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿ ಇಡಬಹುದು. ಬೇಕಾದಾಗ ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟು ಕರಗಿಸಿ. ಕುದಿಸಿದರೆ ಸಾರವೆಲ್ಲ ಹಾಳು.

8. ಎರಡು ವಾರದೊಳಗೆ ಜಂತುಹುಳುವಿನ ಔಷಧಿಯ ಬಗ್ಗೆ ವೈದ್ಯರನ್ನು ಕೇಳಿ. ನಾಲ್ಕು ತಿಂಗಳಿಂದ ಎಂಟು ತಿಂಗಳೊಳಗಿನ ಹೆಣ್ಣುಕರುವಿಗೆ ಕಂದುರೋಗದ, ಅಂದರೆ ಬ್ರುಸೆಲ್ಲಾ ಲಸಿಕೆ ಒಂದೇ ಸಲ. ಆ ವಯಸ್ಸು ದಾಟಿದರೆ ಹಾಕುವುದಿಲ್ಲ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ. ತಾಯಿಗೆ ಕಾಲಕ್ಕೆ ಲಸಿಕೆ ಹಾಕಿಸಿದ್ದರೆ ಅದರ ಫಲವೂ ಗಿಣ್ಣಿನ ಮೂಲಕ ಕರುವಿಗೆ ಸೇರುತ್ತದೆ.

ನಾವು ಸಸಿಮಡಿಯಲ್ಲಿ ಕಾಫಿ ಬೀಜ ಮೊಳೆತು ಎರಡೆಲೆ ಬಿಡುವ ತನಕ ನೆರಳು, ನೀರು ಎಂದು ಎಷ್ಟು ಜೋಪಾನ ಮಾಡುತ್ತೇವೆ! ಆ ಕೆಲವು ವಾರಗಳಲ್ಲಿ ಕೆಟ್ಟ ಸಸಿ ತೋಟದಲ್ಲಿ ನೆಟ್ಟಮೇಲೆ ಸುಧಾರಿಸುವುದಿಲ್ಲವೆಂದು ನಮಗೆ ಗೊತ್ತು. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ತೋಟಕ್ಕೆ ಒಪ್ಪಿದವರು ಕೊಟ್ಟಿಗೆಗೂ ಒಪ್ಪಬೇಕು. ಕರುವಿಗೆ ಮೊಳಕೆಯ ಕಾಲವೆಂದರೆ ಮೊದಲ ದಿನ.

ಈ ಮಳೆಗಾಲಕ್ಕೆ ಯಾರ ಮನೆಯಲ್ಲಿ ಹಸು ಈಯುವುದಿದೆಯೋ ಅವರು ಈಗಲೇ ಒಂದು ಬಾಟಲಿ ಟಿಂಕ್ಚರ್, ಒಂದು ಹೊರೆ ಒಣಹುಲ್ಲು ತೆಗೆದಿಟ್ಟುಕೊಳ್ಳಲಿ. ಮನೆಯ ಹೆಂಗಸರಿಗೆ, ಕೊಟ್ಟಿಗೆ ನೋಡಿಕೊಳ್ಳುವ ಆಳುಗಳಿಗೆ ಈ ಲೇಖನವನ್ನು ಓದಿ ಹೇಳಬೇಕೆಂದು ವಿನಂತಿ. ನಡುರಾತ್ರಿ ಕರುವಿನ ಹತ್ತಿರ ಇರುವವರು ಅವರೇ. ಗಿಣ್ಣಿನ ತಟ್ಟೆ ಎರಡು ದಿನ ತಡವಾಗಿ ಬಂದರೆ ನೆರೆಯವರು ಬೇಸರಪಡುವುದಿಲ್ಲ. ಆ ಎರಡು ದಿನದಲ್ಲಿ ಉಳಿದ ಕರು ಮುಂದೆ ಹಲವು ವರ್ಷ ನಮ್ಮ ತೋಟಕ್ಕೆ ಗೊಬ್ಬರ ಕೊಡುತ್ತದೆ.